ಮೂರನೆಯ ಗಂಟೆಗೆ ಕಾದವರು

ಆ ದಿನಗಳಲ್ಲಿ ಶನಿವಾರ ಜಾರ್ಜ್‌ಟೌನಿನಿಂದ ಟೊರಾಂಟೊಗೆ ರೈಲು ಇರುತ್ತಿರಲಿಲ್ಲ. ವಾರವಿಡೀ ಕೆಲಸದವರನ್ನು ಹೊತ್ತು ಓಡಾಡುವ ರೈಲು ಶನಿವಾರ ತಾನೂ ರಜೆ ಹಾಕುತ್ತಿತ್ತು. ಅದರ ಬದಲಿಗೆ ಎರಡಂತಸ್ತಿನ ಬಸ್ಸು ಬರುತ್ತಿತ್ತು. 2018ರ ಅಕ್ಟೋಬರಿನ ಅಂಥ ಒಂದು ಬೆಳಗ್ಗೆ ಹತ್ತು ಗಂಟೆಯ ಹೊತ್ತಿಗೆ ನಾನೂ ಗಿರಿಜಾ ಕಾಕುವೂ ನಿಲ್ದಾಣದ ಹಳೆಯ ಕಲ್ಲುಕಟ್ಟಡದ ಮುಂದೆ ಬಸ್ಸಿಗೆ ಕಾಯುತ್ತ ನಿಂತೆವು. ಹಿಂದಿನ ದಿನ ಮಳೆಯಾಗಿತ್ತು. ಮೇಪಲ್ ಎಲೆಗಳು ಒದ್ದೆಯಾಗಿ ಕಾಲುದಾರಿಗೆ ಅಂಟಿಕೊಂಡಿದ್ದವು. ಟಿಕೆಟ್ಟು ಹನ್ನೆರಡು ಡಾಲರಿನ ಆಸುಪಾಸು. ಅರವತ್ತೈದು ದಾಟಿದ ಕಾಕುಗೆ ಅದರ ಅರ್ಧ.

ಗಿರಿಜಾ ಕಾಕು ನನಗೆ ಸಂಬಂಧಿಕರಲ್ಲ. ನಾನು ಅವರ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗೆ ಇದ್ದೆ. ತುಮಕೂರಿನವಳಾದ ನನಗೆ ಚಿಕ್ಕಮ್ಮ ಎಂಬರ್ಥದ 'ಕಾಕು' ಎಂಬ ಕರೆ ಹೊಸದು, ಆದರೆ ಊರಿನ ಕನ್ನಡಿಗರೆಲ್ಲ ಹಾಗೆ ಕರೆಯುತ್ತಿದ್ದುದರಿಂದ ನನ್ನ ಬಾಯಿಗೂ ಅದೇ ಬಂತು. ಅವರು ಗದಗಿನವರು. ಬ್ರಾಂಪ್ಟನ್ನಿನ ಕಾರಿನ ಬಿಡಿಭಾಗದ ಕಾರ್ಖಾನೆಯಲ್ಲಿ ಬಹಳ ವರ್ಷ ಶಿಫ್ಟು ಮಾಡಿ ನಿವೃತ್ತರಾಗಿದ್ದರು. ಅವರ ತಂದೆ ಒಂದು ನಾಟಕ ಕಂಪನಿ ನಡೆಸುತ್ತಿದ್ದರು. ಕಂಪನಿ ಮುಚ್ಚಿದಾಗ ಪರದೆ, ಕಿರೀಟ, ಹಾರ್ಮೋನಿಯಂ ಯಾರ್ಯಾರ ಪಾಲಿಗೋ ಹೋದವು. ಕಾಕುವಿನ ಪಾಲಿಗೆ ಬಂದದ್ದು ಕಂಚಿನ ಒಂದು ಕೈಗಂಟೆ. ಆಟ ಶುರುವಾಗುವ ಮುಂಚೆ ಮೂರು ಸಲ ಬಾರಿಸುವ ಗಂಟೆ.

ನಾವು ಹೊರಟಿದ್ದು ನಗರದ ಉತ್ತರಕ್ಕೆ, ರಷ್ಯನ್ನರು ಹೆಚ್ಚಾಗಿರುವ ಬ್ಯಾಥರ್ಸ್ಟ್ ರಸ್ತೆಯ ಒಂದು ಸಭಾಂಗಣಕ್ಕೆ. ಮಾಸ್ಕೋದ ಒಂದು ಪ್ರಸಿದ್ಧ ನಾಟಕಶಾಲೆಯ ಚರಿತ್ರೆಯನ್ನು ಅಲ್ಲಿಂದ ಬಂದ ಉಪನ್ಯಾಸಕರೊಬ್ಬರು ಹೇಳುವವರಿದ್ದರು. ಜೊತೆಗೆ ಹಳೆಯ ಚಿತ್ರಗಳು, ಸ್ಥಳೀಯ ನಟರು ಆಡಿ ತೋರಿಸುವ ಕೆಲವು ದೃಶ್ಯಗಳು. ಮಾತು ರಷ್ಯನ್ನಿನಲ್ಲಿ, ಇಂಗ್ಲಿಷ್ ಅಕ್ಷರ ಪರದೆಯ ಮೇಲೆ. ಆರಂಭ ಮಧ್ಯಾಹ್ನ ಎರಡಕ್ಕೆ.

ಗದಗಿನ ಹುಡುಗಿಗೆ ಮಾಸ್ಕೋದ ನಾಟಕಶಾಲೆಯ ನಂಟು ಹೇಗೆ ಬಂತು ಎಂದು ಬಸ್ಸು ನೋರ್ವಲ್ ದಾಟುವಾಗ ಕೇಳಿದೆ. ಕಾಕು ಕಿಟಕಿಯಿಂದ ಮುಖ ತಿರುಗಿಸಿದರು.

"ನಮ್ಮಪ್ಪ ಹೇಳ್ತಿದ್ದ. ಆಟ ನಡದಾಗ ಯಾರರೆ ಸಾವಕಾರ್ರು ತಡಾಮಾಡಿ ಬಂದು 'ನನಗ ಮುಂದಿನ ಖುರ್ಚಿ ಬೇಕು' ಅಂದ್ರ, ಅಪ್ಪ ಬಾಗಲದಾಗ ಕೈಮುಗದು ನಿಲ್ತಿದ್ದ. 'ಸಾವಕಾರ್ರ, ರಷ್ಯಾದಾಗ ಒಂದು ನಾಟಕಶಾಲಿ ಅದ. ಪರದೆ ಎದ್ದಮ್ಯಾಲೆ ಸಾಕ್ಷಾತ್ ಮಹಾರಾಜ ಬಂದ್ರೂ ಅಲ್ಲೆ ಬಾಗಲಾ ತಗಿಯೂದಿಲ್ಲ. ನೀವು ಯಾವೂರ ಮಹಾರಾಜರ್ರೀ?' ಅಂತಿದ್ದ."

"ಸಾಹುಕಾರರು ಸುಮ್ಮನಿರುತ್ತಿದ್ದರೇ?"

"ಒಬ್ಬಾಂವ ಹೊಡೀಲಿಕ್ಕೆ ಬಂದಿದ್ದ. ಉಳದವರು ನಕ್ಕೋತ ಹಿಂದ ನಿಲ್ತಿದ್ರು. ಆ ಬಾಗಲಾ ಎಂಥಾದೋ ಏನೋ, ಒಮ್ಮೆ ನೋಡಬೇಕವಾ ನಾ."

ಅವರು ನಗಲಿಲ್ಲ. ಆ ದಿನ ಅವರ ಮನಸ್ಸು ಬೇರೆ ಕಡೆ ಇತ್ತು. ಅದನ್ನು ಹೇಳದೆ ಈ ಪ್ರಯಾಣ ಅರ್ಥವಾಗುವುದಿಲ್ಲ.

ಕಾಕುವೂ ಯೂನಿಯನ್‌ವಿಲ್‌ನ ವಿಮಲಾ ಆಂಟಿಯೂ ಸೇರಿ ಇಪ್ಪತ್ತು ವರ್ಷದಿಂದ ಒಂದು ಕನ್ನಡ ನಾಟಕ ತಂಡ ನಡೆಸುತ್ತಿದ್ದರು. ವಿಮಲಾ ಆಂಟಿ ಮೈಸೂರಿನವರು, ರಂಗದ ಹಿಂದಿನ ವ್ಯವಸ್ಥೆ ಪೂರ್ತಿ ಅವರದು. ಕಾಕು ನಟಿ, ನಿರ್ದೇಶಕಿ. ಗಂಟೆ ಬಾರಿಸುವವರೂ ಅವರೇ. ಮೊದಲನೆಯ ಗಂಟೆಗೆ ಪಾತ್ರಧಾರಿಗಳು ಸಿದ್ಧ, ಎರಡನೆಯದಕ್ಕೆ ಗಣಪತಿಗೆ ಆರತಿ, ಮೂರನೆಯದಕ್ಕೆ ಪರದೆ. ಸೆಪ್ಟೆಂಬರಿನ ಗಣೇಶೋತ್ಸವದಲ್ಲಿ, ಸ್ಕಾರ್‌ಬರೋದ ಬಾಡಿಗೆ ಸಭಾಂಗಣದಲ್ಲಿ, ಎರಡನೆಯ ಗಂಟೆಯಾದ ಕೂಡಲೇ ವಿಮಲಾ ಆಂಟಿ ಪರದೆಯ ಹಗ್ಗ ಎಳೆದುಬಿಟ್ಟರು. ರಂಗದ ನಡುವೆ ಮಹಾರಾಣಿಯ ಕಿರೀಟ ತೊಟ್ಟ ಕಾಕು, ಮೂಗಿನ ಮೇಲೆ ಕನ್ನಡಕ, ಕಾಲಲ್ಲಿ ಉಣ್ಣೆಯ ಕಾಲುಚೀಲ, ಕೈಯಲ್ಲಿ ಆರತಿ ತಟ್ಟೆ. ಇಡೀ ಸಭೆ ನಕ್ಕಿತು. ಮಕ್ಕಳು ಫೋನಿನಲ್ಲಿ ಚಿತ್ರ ತೆಗೆದರು.

ಆಟ ಮುಗಿದ ಮೇಲೆ ಕಾಕು ಕೇಳಿದ್ದಕ್ಕೆ ವಿಮಲಾ ಆಂಟಿ ಎಲ್ಲರ ಎದುರಿಗೆ ಹೇಳಿದ್ದು ಒಂದೇ ಮಾತು: "ಇದು ಗದಗ ಅಲ್ಲ ಗಿರಿಜಾ. ಇಲ್ಲಿ ಗಂಟೆ ನೋಡಿ ಶುರು ಮಾಡ್ತಾರೆ, ಗಂಟೆ ಕೇಳಿ ಅಲ್ಲ."

ಅಂದಿನಿಂದ ಮಾತಿಲ್ಲ. ತಂಡ ಎರಡಾಯಿತು. ವೇಷದ ಪೆಟ್ಟಿಗೆಗಳು ಯೂನಿಯನ್‌ವಿಲ್‌ನಲ್ಲಿ ಉಳಿದವು, ಗಂಟೆ ಜಾರ್ಜ್‌ಟೌನಿನಲ್ಲಿ. ನವೆಂಬರಿನ ರಾಜ್ಯೋತ್ಸವಕ್ಕೆ ಎರಡೂ ಗುಂಪು ಒಂದೇ ದಿನ ಬೇರೆ ಬೇರೆ ನಾಟಕ ಸಾರಿದವು. ಇರುವ ಕನ್ನಡಿಗರು ಅಷ್ಟೇ. ಎರಡು ಸಭಾಂಗಣಗಳೂ ಅರ್ಧ ಖಾಲಿ ಉಳಿಯುವುದು ಎಲ್ಲರಿಗೂ ಗೊತ್ತಿತ್ತು.

ರಷ್ಯನ್ ಕಾರ್ಯಕ್ರಮದ ಟಿಕೆಟ್ಟುಗಳನ್ನು ಬೇಸಿಗೆಯಲ್ಲೇ, ಜಗಳಕ್ಕೆ ಮುಂಚೆ, ವಿಮಲಾ ಆಂಟಿ ತೆಗೆಸಿದ್ದರು. ಒಂದೇ ಸಾಲಿನ ನಾಲ್ಕು ಕುರ್ಚಿ: ಅವರು, ಅವರ ಯಜಮಾನರು ಶ್ರೀನಾಥ್, ಕಾಕು, ನಾನು.

"ಅಕಿ ಬರ್ತಾಳೋ ಇಲ್ಲೋ," ಎಂದರು ಕಾಕು, ಬಸ್ಸು ಬ್ರಾಂಪ್ಟನ್ನಿನಲ್ಲಿ ನಿಂತಾಗ.

"ಬಂದರೆ?"

"ಬಂದ್ರ ಬಾಜೂ ಖುರ್ಚಿ. ನಾನಾಗಿ ಮಾತಾಡ್ಸೂದಿಲ್ಲ. ಅಕಿ ತಪ್ಪಾತು ಅನ್ನೂದೂ ಬ್ಯಾಡ. 'ಗಿರಿಜಾ, ಚಾ ಕುಡದ್ಯಾ' ಅಂದ್ರೂ ಸಾಕು. ಅದೂ ಅನ್ನಲಿಲ್ಲಂದ್ರ ಮಂಗಳವಾರ ಗಂಟಿ ಗದಗಕ್ಕ."

ಮಂಗಳವಾರ ಅವರ ತಮ್ಮನ ಮಗ ಊರಿಗೆ ಹೊರಟಿದ್ದ. ಅವನ ಕೈಯಲ್ಲಿ ಕಳಿಸಲೆಂದು ಕಾಕು ಗಂಟೆಯನ್ನು ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ ಊಟದ ಮೇಜಿನ ಮೇಲೆ ಇಟ್ಟಿದ್ದನ್ನು ನಾನು ಬೆಳಗ್ಗೆ ನೋಡಿದ್ದೆ. ವಿಮಾನದಲ್ಲಿ ಸದ್ದು ಮಾಡದಿರಲೆಂದು ಅದರ ನಾಲಿಗೆಗೂ ಬಟ್ಟೆ ಕಟ್ಟಿದ್ದರು.

"ಗಂಟಿ ಇಲ್ಲದ ನಾಟಕಾ ನಾ ಮಾಡೂದಿಲ್ಲ. ಅಂದ್ರ ಇನ್ನ ನಾಟಕನ ಇಲ್ಲ," ಎಂದು ಕಾಕು ಡಬ್ಬಿ ತೆರೆದು ನನ್ನ ಕೈಗೆ ಒಂದು ಥಾಲಿಪೀಠ ಕೊಟ್ಟರು. ಮಾತು ಅಲ್ಲಿಗೆ ಮುಗಿಯಿತು ಎಂದು ಅದರ ಅರ್ಥ. ಬೇರೆಯವರ ಮನಸ್ಸಿನ ಬಾಗಿಲು ತಟ್ಟುವುದು ನನ್ನ ಸ್ವಭಾವವೂ ಅಲ್ಲ. ಥಾಲಿಪೀಠ ತಿಂದೆ.

ಹೆದ್ದಾರಿಯಲ್ಲಿ ಮೋಡ ತಗ್ಗಾಗಿ ಇಳಿದಿತ್ತು. ನಗರ ಹತ್ತಿರವಾದಂತೆ ಎತ್ತರದ ಗೋಪುರದ ಬುಡ ಮಾತ್ರ ಕಂಡಿತು. ಯೂನಿಯನ್ ನಿಲ್ದಾಣದಲ್ಲಿ ಇಳಿದು ಮೂರೂಕಾಲು ಡಾಲರು ಕೊಟ್ಟು ಸಬ್‌ವೇ ಹಿಡಿದೆವು. ಕಡೆಯ ನಿಲ್ದಾಣ ಫಿಂಚ್‌ನಲ್ಲಿ ಇಳಿದು ಅದೇ ಹಣಕ್ಕೆ ಪಶ್ಚಿಮದ ಬಸ್ಸು. ಬ್ಯಾಥರ್ಸ್ಟ್ ರಸ್ತೆಯ ಅಂಗಡಿಗಳ ಹಲಗೆಗಳಲ್ಲಿ ಅಕ್ಷರಗಳು ಬದಲಾದವು. ಕೆಲವು ಇಂಗ್ಲಿಷಿನಂತೆಯೇ ಕಂಡು, ಓದಲು ಹೋದರೆ ಕೈಕೊಡುತ್ತಿದ್ದವು. "ಕನ್ನಡಿಯೊಳಗಿನ ಇಂಗ್ಲಿಷು," ಎಂದರು ಕಾಕು.

ಒಂದು ದಿನಸಿ ಅಂಗಡಿಗೆ ಹೊಕ್ಕೆವು. ಕಪ್ಪು ರೈ ಬ್ರೆಡ್ಡು, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ, ಹುರಿದ ಸೂರ್ಯಕಾಂತಿ ಬೀಜ, ಗಾಜಿನ ಹಿಂದೆ ಸಾಲಾಗಿ ಜೋಡಿಸಿದ ಪಿರೋಷ್ಕಿ. ಅದು ಒಳಗೆ ಪಲ್ಯ ತುಂಬಿ ಬೇಯಿಸಿದ ಬನ್ನು. ಎಲೆಕೋಸಿನದು ಎರಡು ಕೇಳಿದೆ.

"ನೋ ಮೀಟ್?" ಎಂದು ಕಾಕು ಖಚಿತಪಡಿಸಿಕೊಂಡರು.

"ನೋ ಮೀಟ್," ಎಂದಳು ಅಂಗಡಿಯಾಕೆ. ಕಾಕು ಬಾಯಿಗೆ ಇಡುವಷ್ಟರಲ್ಲಿ, "ಓನ್ಲಿ ಎಗ್."

ಎರಡನ್ನೂ ನಾನೇ ತಿನ್ನಬೇಕಾಯಿತು. ಕಾಕು ಹೊರಗೆ ಬಸ್ ತಂಗುದಾಣದಲ್ಲಿ ಕೂತು ತಮ್ಮ ಡಬ್ಬಿ ಮುಗಿಸಿದರು.

ಸಭಾಂಗಣ ತಲುಪಿದಾಗ ಒಂದೂಕಾಲು. ಹೊರಗಿನ ಹಜಾರ ತುಂಬಿತ್ತು. ಬಂದವರಲ್ಲಿ ಹೆಚ್ಚಿನವರು ವಯಸ್ಸಾದವರು, ಮದುವೆಗೆ ಬಂದಂತೆ ಉಡುಪು ತೊಟ್ಟಿದ್ದರು. ಹಲವು ಹೆಂಗಸರು ಬೆಂಚಿನ ಮೇಲೆ ಕೂತು ಕೆಸರಿನ ಬೂಟು ಕಳಚಿ, ಚೀಲದಿಂದ ಬೇರೆ ಚಪ್ಪಲಿ ತೆಗೆದು ಹಾಕಿಕೊಳ್ಳುತ್ತಿದ್ದರು. ಕಾಕುಗೆ ಇದು ಬಹಳ ಹಿಡಿಸಿತು. "ನೋಡು, ನಾಟಕಕ್ಕ ಮರ್ಯಾದಿ ಕೊಡೂ ಮಂದಿ," ಎಂದು ತಮ್ಮ ಬೂಟನ್ನೂ ಟಿಶ್ಯೂ ಕಾಗದದಿಂದ ಒರೆಸಿದರು. ಒರೆಸುತ್ತಲೇ ಬಾಗಿಲ ಕಡೆ ಎರಡು ಸಲ ನೋಡಿದರು.

ಪಕ್ಕದಲ್ಲಿ ಚಪ್ಪಲಿ ಬದಲಿಸುತ್ತಿದ್ದ ಮುದುಕಿ ತಾವಾಗಿ ಮಾತಿಗೆ ಬಂದರು. ಹೆಸರು ರೈಸಾ, ಮಾಸ್ಕೋದಲ್ಲಿ ಹಲ್ಲಿನ ವೈದ್ಯೆಯಾಗಿದ್ದರು. ಕಾಕುವಿನ ಮುಖಕ್ಕಿಂತ ಮೊದಲು ಅವರ ಹಲ್ಲು ನೋಡಿ, "ಒಳ್ಳೆಯ ಕೆಲಸ. ಎಲ್ಲಿ ಮಾಡಿಸಿದಿರಿ?" ಎಂದು ಕೇಳಿದರು. ನಮಗೆ ಅರ್ಥವಾಗಲೆಂದು ಇಂಗ್ಲಿಷನ್ನು ತುಂಡು ತುಂಡಾಗಿ, ಸುತ್ತಿಗೆಯಿಂದ ಹೊಡೆದಂತೆ ಆಡುತ್ತಿದ್ದರು.

ಅಷ್ಟರಲ್ಲಿ ಚಾವಣಿಯ ಧ್ವನಿಪೆಟ್ಟಿಗೆಯಿಂದ ಮೆಲುವಾದ, ತೆಳ್ಳಗಿನ ಒಂದು ಸದ್ದು ಬಂತು.

"ಮದಲನೇ ಗಂಟಿ!" ಕಾಕು ನನ್ನ ಮೊಣಕೈ ಹಿಡಿದರು.

ಅವರು ಏನೆಂದರು ಎಂದು ರೈಸಾ ಕೇಳಿದರು. ಹೇಳಿದೆ. ರೈಸಾರ ಮುಖ ಅರಳಿತು. "ನಿಮ್ಮಲ್ಲೂ ಗಂಟೆ ಇದೆಯೇ? ಎಷ್ಟು?"

"ತ್ರೀ!" ಕಾಕು ಮೂರು ಬೆರಳು ಎತ್ತಿದರು.

"ತ್ರೀ!" ರೈಸಾ ಅದೇ ಮೂರು ಬೆರಳು ಎತ್ತಿ ಅವರ ಬೆರಳಿಗೆ ತಾಗಿಸಿದರು. "ಮೊದಲನೆಯದು, ಕೋಟು ಕೊಟ್ಟು ಬಾ. ಎರಡನೆಯದು, ಚಹಾ ಮುಗಿಸು. ಮೂರನೆಯದು ಬೈಗುಳ, ಓಡು!"

ಅಲ್ಲಿಂದ ಅವರಿಬ್ಬರಿಗೂ ನನ್ನ ಅನುವಾದ ಬೇಕಾಗಲಿಲ್ಲ. ಎರಡನೆಯ ಸದ್ದು ಬಂದಾಗ ರೈಸಾ ಚೀಲದಿಂದ ಬ್ರೆಡ್ಡಿನ ಪೊಟ್ಟಣ ಬಿಚ್ಚುತ್ತಿದ್ದರು. ನಾಟಕಶಾಲೆಯ ಅರ್ಧ ಸುಖ ಅಲ್ಲಿನ ತಿಂಡಿಮನೆಯದು, ಇಲ್ಲಿ ಬರೀ ಕಾಫಿಯ ಯಂತ್ರ, ಅದಕ್ಕೇ ಇದನ್ನು ತಂದಿದ್ದೇನೆ ಎಂದರು. ಜನ ಒಳಗೆ ಸರಿಯುತ್ತಿದ್ದರು. ನಾನು ಗಡಿಯಾರ ನೋಡಿದೆ.

"ಕಾಕು, ಎರಡು ಗಂಟೆ ಆಯಿತು."

"ಆತಲ್ಲ. ಇನ್ನೊಂದು ಆಗ್ಲಿ," ಎಂದರು ಕಾಕು.

ನಾನು ಹೇಳಿದ್ದು ಸಮಯ. ಅವರು ಎಣಿಸುತ್ತಿದ್ದದ್ದು ಸದ್ದು. ನನ್ನ ಭಾಷೆಯಲ್ಲಿ ಎರಡಕ್ಕೂ ಒಂದೇ ಪದ ಎಂಬುದು ಹೊಳೆದು ನಾನು ಬಾಯಿ ತೆರೆಯುವಷ್ಟರಲ್ಲಿ ಹಜಾರದ ದೀಪ ಮಬ್ಬಾಯಿತು. ಕಪ್ಪು ಅಂಗಿ ತೊಟ್ಟ ಸ್ವಯಂಸೇವಕಿಯೊಬ್ಬಳು ಒಳಗಿನ ಬಾಗಿಲನ್ನು ಎಳೆದುಕೊಂಡು ಅದರ ಮುಂದೆ ನಿಂತಳು.

ರೈಸಾ ಪೊಟ್ಟಣ ಹಿಡಿದುಕೊಂಡೇ ಧಾವಿಸಿದರು. "ಮೂರನೆಯ ಗಂಟೆ ಎಲ್ಲಿ?"

"ಮೂರನೆಯದು ಇಲ್ಲ ಮೇಡಂ. ಇಲ್ಲಿ ಎರಡೇ. ಮೊದಲ ಭಾಗ ಮುಗಿದ ಮೇಲೆ ಬಾಗಿಲು ತೆರೆಯುತ್ತೇವೆ, ಮುಕ್ಕಾಲು ಗಂಟೆ."

"ಮೂರನೆಯ ಗಂಟೆ ಇಲ್ಲದೆ ಯಾರಾದರೂ ಪರದೆ ಎತ್ತುತ್ತಾರೆಯೇ?"

ಇದೇ ಮಾತನ್ನು ನಾನು ಒಂದು ತಿಂಗಳಿನಿಂದ ಕನ್ನಡದಲ್ಲಿ ಕೇಳುತ್ತಿದ್ದೆ. ಹುಡುಗಿ ನಿಜಕ್ಕೂ ನೊಂದುಕೊಂಡು ಕ್ಷಮೆ ಕೇಳಿದಳು, ಬಾಗಿಲು ಮಾತ್ರ ತೆರೆಯಲಿಲ್ಲ. ಕಾಕು ಬೆಂಚಿನ ಮೇಲೆ ಕೂತರು. ಸ್ವಲ್ಪ ಹೊತ್ತು ಬಾಗಿಲನ್ನೇ ನೋಡಿದರು. ಆಮೇಲೆ ಹೊಟ್ಟೆ ಕುಲುಕುವಂತೆ ನಗತೊಡಗಿದರು.

"ಅಪ್ಪ ಹೇಳಿದ ಬಾಗಲಾ ಇದನ ನೋಡು ಸುಮಾ. ನೋಡಬೇಕು ನೋಡಬೇಕು ಅಂತಿದ್ನಲ್ಲ, ನೋಡಿದೆ. ಹೊರಗ ನಿಂತ ಮಹಾರಾಜ ನಾನ ಆದೆ."

ನಗು ಅರ್ಧಕ್ಕೆ ನಿಂತಿತು. ಹಜಾರದ ಆ ತುದಿಯಲ್ಲಿ, ಪುಸ್ತಕ ಮಾರುವ ಮೇಜಿನ ಬಳಿ, ಸಾಸಿವೆ ಬಣ್ಣದ ರೇಷ್ಮೆ ಸೀರೆಯ ಮೇಲೆ ಸ್ವೆಟರು ತೊಟ್ಟ ಒಬ್ಬರು ಬೆನ್ನು ಮಾಡಿ ನಿಂತು ಪುಟ ತಿರುವುತ್ತಿದ್ದರು. ದೀಪ ಮಬ್ಬಾದದ್ದನ್ನು ಈಗಷ್ಟೇ ಗಮನಿಸಿದವರಂತೆ ತಲೆ ಎತ್ತಿ ಸುತ್ತ ನೋಡಿದರು. ವಿಮಲಾ ಆಂಟಿ.

ಅವರು ನಮ್ಮ ಕಡೆ ಬಂದರು. ಬೇರೆ ದಾರಿ ಇರಲಿಲ್ಲ. ಹಜಾರದಲ್ಲಿ ಉಳಿದವರು ನಾವೇ. ನನ್ನನ್ನು ನೋಡಿ ಕೇಳಿದರು: "ಸುಮಾ, ಶುರುವಾಗೋಯ್ತಾ? ಇವರು ಒಳಗೆ ಸೀಟ್ ಹಿಡೀತೀನಿ ಅಂತ ಹೋದ್ರು."

"ಶುರುವಾಯಿತು ಆಂಟಿ. ಬಾಗಿಲು ಹಾಕಿದರು."

ಕಾಕುವೂ ನನಗೇ ಹೇಳಿದರು: "ಸುಮಾ, ಅವರಿಗೆ ಕೇಳು. ಗಂಟೆ ನೋಡಿ ಶುರು ಮಾಡೋವರು ಹೊರಗ್ಯಾಕ ಉಳದ್ರು ಅಂತ."

ನಾನು ಕೇಳಲಿಲ್ಲ. ಕೇಳಿಸಿತೋ ಇಲ್ಲವೋ, ವಿಮಲಾ ಆಂಟಿ ಉತ್ತರಿಸದೆ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ನಡುವೆ ರೈಸಾ, ಅವರ ಚಪ್ಪಲಿ ಚೀಲ, ಮತ್ತು ಬ್ರೆಡ್ಡು.

ಗೋಡೆಯ ಮೇಲೆ ಒಂದು ಸಣ್ಣ ಟಿವಿ ಇತ್ತು. ಒಳಗಿನ ವೇದಿಕೆ ಅದರಲ್ಲಿ ಕಾಣುತ್ತಿತ್ತು, ಸದ್ದಿಲ್ಲದೆ. ಬೆನ್ನು ಬಾಗಿದ ಉಪನ್ಯಾಸಕರು ಕೈಯಾಡಿಸುತ್ತಿದ್ದರು. ಅವರ ಹಿಂದೆ ಕಪ್ಪು ಬಿಳುಪಿನ ಒಂದೊಂದೇ ಚಿತ್ರ ಬರುತ್ತಿತ್ತು. ಇಂಗ್ಲಿಷ್ ಅಕ್ಷರಗಳು ಆ ಟಿವಿಯಲ್ಲಿ ಇರುವೆಸಾಲಿನಂತೆ ಕಂಡವು. "ಪರವಾಗಿಲ್ಲ," ಎಂದರು ರೈಸಾ, "ಈ ಕಥೆ ನನಗೆ ಗೊತ್ತು." ಚಿತ್ರ ಬದಲಾದಂತೆಲ್ಲ ಅವರು ಹೇಳುತ್ತ ಹೋದರು. ಆ ನಾಟಕಶಾಲೆಯ ಚರಿತ್ರೆಯ ಮೊದಲರ್ಧವನ್ನು ನಾನು ಹಾಗೆ, ಮುಚ್ಚಿದ ಬಾಗಿಲ ಹೊರಗೆ ಕೇಳಿದೆ.

ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಇಬ್ಬರು ಗಂಡಸರು ಮಧ್ಯಾಹ್ನ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತರು. ಮಾತು ಮುಗಿಯಲಿಲ್ಲ. ಒಬ್ಬರ ಮನೆಗೆ ಹೋಗಿ ಮುಂದುವರಿಸಿ, ಮರುದಿನ ಬೆಳಗಿನ ತಿಂಡಿಯ ಹೊತ್ತಿಗೆ ಎದ್ದಾಗ ನಾಟಕಶಾಲೆ ಮಾತಿನಲ್ಲಿ ಕಟ್ಟಿ ಮುಗಿದಿತ್ತು. ಅಲ್ಲಿಯವರೆಗೆ ರಷ್ಯಾದಲ್ಲೂ ಆಟದ ನಡುವೆ ಜನ ಬರುತ್ತಿದ್ದರು, ಹೋಗುತ್ತಿದ್ದರು. ಮೆಚ್ಚಿನ ನಟ ಬಂದರೆ ಚಪ್ಪಾಳೆ, ಅವನು ಪಾತ್ರ ಬಿಟ್ಟು ವಂದನೆ. ಇವರು ಅದನ್ನೆಲ್ಲ ನಿಲ್ಲಿಸಿದರು. ಪರದೆ ಎದ್ದ ಮೇಲೆ ತಡವಾಗಿ ಬಂದವರಿಗೆ ಬಾಗಿಲಿಲ್ಲ ಎಂದರು.

"ಹಾಂ!" ಕಾಕು ತೊಡೆ ತಟ್ಟಿದರು. "ನಮ್ಮಪ್ಪ ಸುಳ್ಳ ಹೇಳಿದ್ದಿಲ್ಲ."

ಟಿವಿಯಲ್ಲಿ ಒಂದು ರೈಲಿನ ಚಿತ್ರ ಬಂತು. ಕ್ರಾಂತಿಯ ನಂತರದ ಅಂತರ್ಯುದ್ಧದಲ್ಲಿ ಆ ಮಂಡಳಿಯ ಒಂದು ಭಾಗ ದಕ್ಷಿಣಕ್ಕೆ ಪ್ರವಾಸ ಹೋಗಿತ್ತಂತೆ. ಇದ್ದ ಊರನ್ನು ಎದುರು ಪಕ್ಷದ ಸೈನ್ಯ ಹಿಡಿಯಿತು. ಮಾಸ್ಕೋಗೆ ಮರಳುವ ದಾರಿ ಮುಚ್ಚಿತು. ನಟರು ಸಮುದ್ರ ದಾಟಿ ದೇಶದಿಂದ ದೇಶಕ್ಕೆ ಆಟವಾಡುತ್ತ ಅಲೆದರು. ಮೂರು ವರ್ಷದ ಮೇಲೆ ಹೆಚ್ಚಿನವರು ಹಿಂತಿರುಗಿದರು. ಕೆಲವರು ತಿರುಗಲಿಲ್ಲ, ಇದ್ದಲ್ಲೇ ಅದೇ ನಾಟಕಗಳನ್ನು ಆಡಿಕೊಂಡು ಉಳಿದರು.

"ಯಾರು ಸರಿ?" ಎಂದು ನಾನು ಕೇಳಿದೆ. ಅಂಥ ಪ್ರಶ್ನೆ ನಾನು ಸಾಮಾನ್ಯವಾಗಿ ಕೇಳುವುದಿಲ್ಲ.

"ಸರಿ ಎಂದರೇನು? ರೈಲು ಹೋಗಿತ್ತು," ಎಂದರು ರೈಸಾ.

ಮತ್ತೊಂದು ಯುದ್ಧದಲ್ಲಿ, ಗಡಿಯ ಸಮೀಪದ ಊರಿನಲ್ಲಿ ಆಟವಾಡುತ್ತಿದ್ದಾಗ ಬಾಂಬು ಬಿದ್ದು, ನಟನಟಿಯರು ಊರು ಬಿಟ್ಟು ರಸ್ತೆಯಲ್ಲಿ ನಡೆದೇ ಹೊರಟರಂತೆ. ಇದನ್ನು ಹೇಳುವಾಗ ರೈಸಾ ಎದ್ದು ಕಾಫಿ ಯಂತ್ರದ ಕಡೆ ಹೋಗುತ್ತ, ನಮಗೆ ಬೆನ್ನು ಮಾಡಿಯೇ ಮಾತು ಮುಂದುವರಿಸಿದರು. "ಆ ನಟಿಯರ ಕಾಲಲ್ಲಿ ವೇದಿಕೆಯ ಚಪ್ಪಲಿ!"

ಕಾಕು "ಅಯ್ಯ ಪಾಪ" ಎಂದರು. ವಿಮಲಾ ಆಂಟಿ ಮುಗುಳ್ನಕ್ಕು, "ನನಗೆ ಸಕ್ಕರೆ ಬೇಡ, ಥ್ಯಾಂಕ್ಸ್," ಎಂದರು.

ಕಾಕು ಮೊದಲ ಬಾರಿಗೆ ಅವರ ಕಡೆ ತಿರುಗಿದರು. ನೋಡಿದರು. ನಾನು ಎಂಬ ಸೇತುವೆ ಬಿಟ್ಟು ನೇರವಾಗಿ ಕೇಳಿದರು:

"ವಿಮಲಾ. ಮದಲನೇ ಗಂಟಿ ಆದಾಗ ನೀ ಎಲ್ಲಿದ್ದಿ?"

"ಅಲ್ಲೇ, ಪುಸ್ತಕದ ಟೇಬಲ್ ಹತ್ರ."

"ಎರಡನೇದು ಆದಾಗ?"

ವಿಮಲಾ ಆಂಟಿ ನನ್ನನ್ನು ನೋಡಿದರು, ಕಾಕುವನ್ನು ನೋಡಿದರು. "ಯಾವ ಎರಡನೇದು? ಗಂಟೆ ಎಲ್ಲಿ ಹೊಡೆದ್ರು?"

ನಾನು ತಲೆ ಎತ್ತಿದೆ. ಧ್ವನಿಪೆಟ್ಟಿಗೆ ಇದ್ದದ್ದು ಸರಿಯಾಗಿ ಪುಸ್ತಕದ ಮೇಜಿನ ಮೇಲೆ.

ಕಾಫಿ ಯಂತ್ರ ಗೊರಗೊರ ಎನ್ನುತ್ತಿತ್ತು. ಕಾಕು ರೈಸಾರ ಚೀಲವನ್ನು ಎತ್ತಿ ಈಚೆ ಇಟ್ಟು, ಆ ಖಾಲಿ ಜಾಗಕ್ಕೆ ಸರಿದು ಕೂತರು.

"ಸೆಪ್ಟೆಂಬರ್‌ದಾಗನೂ ಹಿಂಗನ ಆಗಿತ್ತೇನು?"

ವಿಮಲಾ ಆಂಟಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದರು. "ಒಂದೂ ಕೇಳಿಸ್ಲಿಲ್ಲ ಕಣೇ. ಗಡಿಯಾರ ನೋಡ್ದೆ, ಟೈಮ್ ಆಗೋಗಿತ್ತು. ಮೂರೂ ಹೊಡೆದಿರ್ತೀಯ ಅಂದ್ಕೊಂಡು ಹಗ್ಗ ಎಳೆದೆ."

"ಹಂಗಂತ ಅವತ್ತ ಅನ್ನಬೇಕಿಲ್ಲೇನು?"

"ಎಲ್ಲರ ಎದುರಿಗೆ? ಸ್ಟೇಜ್ ನೋಡ್ಕೊಳ್ಳೋಳಿಗೆ ಕಿವಿ ಕೇಳ್ಸಲ್ಲ ಅಂತ?"

"ನಾ ಎಲ್ಲಾರ ಮುಂದ ಕಾಲುಚೀಲದಾಗ ನಿಂತಿದ್ದಿಲ್ಲೇನು, ಮಹಾರಾಣಿ!"

ವಿಮಲಾ ಆಂಟಿ ತುಟಿ ಕಚ್ಚಿದರು, ಅಳು ತಡೆಯಲೋ ನಗು ತಡೆಯಲೋ ನನಗೆ ತಿಳಿಯಲಿಲ್ಲ. "ಬೂದು ಬಣ್ಣದ್ದು. ಒಂದಕ್ಕೆ ತೂತಿತ್ತು," ಎಂದರು.

"ಅದೂ ಕಂಡಿತೇನು? ಕಣ್ಣು ಚಲೋ ಅವ ಹಂಗಾರ. ಕಿವಿಗೆ ಮಶೀನರೆ ಹಾಕ್ಸಿದ್ಯೋ ಇಲ್ಲೋ?"

"ತಗೊಂಡಿದೀನಿ. ಪರ್ಸಲ್ಲಿದೆ."

"ಪರ್ಸಿಗೇನು ಕೇಳಸಬೇಕಾಗೇದ?"

ರೈಸಾ ಎರಡು ಲೋಟ ಹಿಡಿದು ಮರಳಿದಾಗ ಇಬ್ಬರೂ ಕಣ್ಣೊರೆಸಿಕೊಂಡು ನಗುತ್ತಿದ್ದರು. ಕನ್ನಡ ಒಂದು ಅಕ್ಷರವೂ ತಿಳಿಯದ ರೈಸಾ ನನ್ನ ಕಿವಿಯ ಹತ್ತಿರ ಕೇಳಿದರು: "ಅಕ್ಕತಂಗಿಯರೇ?"

"ಅಲ್ಲ. ಒಂದೇ ನಾಟಕ ತಂಡ."

"ಓಹ್," ಎಂದರು ರೈಸಾ. "ಅದು ಇನ್ನೂ ಕಷ್ಟ."

ಬಾಗಿಲು ತೆರೆಯಿತು. ಒಳಗೆ ಶ್ರೀನಾಥ್ ಅಂಕಲ್ ಪಕ್ಕದ ಮೂರು ಕುರ್ಚಿಗಳಿಗೆ ಕೋಟು, ಟೋಪಿ, ಮಫ್ಲರು ಹಾಸಿ, ದೇಗುಲದ ಕಾವಲುಗಾರನಂತೆ ಕೂತಿದ್ದರು. "ಟೈಮ್ ಅಂದ್ರೆ ಟೈಮು," ಎಂದರು. ಕಾಕು ವಿಮಲಾ ಆಂಟಿಯ ಬಲಕ್ಕೆ ಕೂತರು; ಬಲಗಿವಿ ಸ್ವಲ್ಪ ವಾಸಿಯಂತೆ.

ಎರಡನೆಯ ಭಾಗದಲ್ಲಿ ಉಪನ್ಯಾಸಕರು ನಾಟಕಶಾಲೆ ಒಡೆದ ಕಥೆ ಹೇಳಿದರು. ಎಂಬತ್ತರ ದಶಕದ ಕೊನೆಯಲ್ಲಿ ಮಂಡಳಿ ಬಹಳ ದೊಡ್ಡದಾಗಿತ್ತು. ಪಾತ್ರಗಳು ಕಡಿಮೆ, ನಟರು ಹೆಚ್ಚು. ಸಭೆಗಳಾದವು, ಜೊತೆಯಲ್ಲಿ ಬೆಳೆದವರು ಪರಸ್ಪರ ನೋಡದೆ ಮತ ಹಾಕಿದರು. ಅರ್ಧ ಜನ ಓಣಿಯ ಹಳೆಯ ಕಟ್ಟಡದಲ್ಲಿ ಉಳಿದರು, ಅರ್ಧ ಜನ ಮರಗಳ ಸಾಲಿನ ಅಗಲ ಬೀದಿಯ ಹೊಸ ಕಟ್ಟಡಕ್ಕೆ ಹೋದರು. ತೆರೆಯ ಮೇಲೆ ಎರಡು ಚಿತ್ರ ಅಕ್ಕಪಕ್ಕ ಬಂದವು. ಎರಡು ವೇದಿಕೆ, ಎರಡು ಪರದೆ, ಎರಡರ ಮೇಲೂ ನಾಟಕಶಾಲೆಯ ಗುರುತಾದ, ರೆಕ್ಕೆ ಚಾಚಿದ ಅದೇ ಕಡಲಹಕ್ಕಿ. ಹಕ್ಕಿಯನ್ನು ಯಾರೂ ಬಿಟ್ಟುಕೊಟ್ಟಿರಲಿಲ್ಲ.

ಸಭೆಯಲ್ಲಿ ನಿಟ್ಟುಸಿರು ಕೇಳಿಸಿತು. ಅಲ್ಲಿದ್ದ ಮುದುಕರಿಗೆ ಅದು ಮನೆಯ ಜಗಳ. ನಮ್ಮ ಹಿಂದಿನ ಸಾಲಿನಲ್ಲಿದ್ದ ರೈಸಾ ಬಗ್ಗಿ ಪಿಸುಗುಟ್ಟಿದರು: "ನಾನು ಎರಡಕ್ಕೂ ಹೋಗುತ್ತಿದ್ದೆ. ಇಲ್ಲಿಯವರಿಗೆ ಅಲ್ಲಿಯದು ಕೆಟ್ಟದಾಗಿದೆ ಎನ್ನುತ್ತಿದ್ದೆ, ಅಲ್ಲಿಯವರಿಗೆ ಇಲ್ಲಿಯದು. ಎರಡೂ ಚೆನ್ನಾಗಿಯೇ ಇತ್ತು. ಹಿಂದಿನಷ್ಟು ಯಾವುದೂ ಇರಲಿಲ್ಲ."

ಕಾಕು ಅದನ್ನು ವಿಮಲಾ ಆಂಟಿಯ ಬಲಗಿವಿಗೆ ಬಾಯಿಟ್ಟು ಕನ್ನಡದಲ್ಲಿ ದಾಟಿಸಿದರು. ಸ್ವಲ್ಪ ಜೋರಾಗಿಯೇ. ಮುಂದಿನ ಸಾಲಿನವರು ತಿರುಗಿ ನೋಡಿದರು.

ಹೊರಗೆ ಬಂದಾಗ ಐದು ಗಂಟೆ ಹತ್ತಿರ, ಗಾಳಿ ಎದ್ದಿತ್ತು. ರೈಸಾ ಮತ್ತೆ ಬೂಟು ತೊಟ್ಟು, ಕಾಕುವಿಗೆ ಮೂರು ಬೆರಳು ತೋರಿಸಿ ಬಸ್ಸಿಗೆ ಹೋದರು. ಶ್ರೀನಾಥ್ ಅಂಕಲ್ ಜಾರ್ಜ್‌ಟೌನಿನವರೆಗೂ ಬಿಡುತ್ತೇನೆ ಎಂದರು. ಯೂನಿಯನ್‌ವಿಲ್ ಪೂರ್ವಕ್ಕೆ, ಜಾರ್ಜ್‌ಟೌನ್ ಪಶ್ಚಿಮಕ್ಕೆ. ಕಾಕು ಒಪ್ಪಲಿಲ್ಲ. ಫಿಂಚ್ ನಿಲ್ದಾಣದವರೆಗೆ ಕಾರಿನಲ್ಲಿ ಹೋದೆವು.

ನಿಲ್ದಾಣದ ಹತ್ತಿರ ಸಿಗ್ನಲ್ಲಿನಲ್ಲಿ ನಿಂತಾಗ, ಮುಂದಿನ ಆಸನದಿಂದ ವಿಮಲಾ ಆಂಟಿ ತಿರುಗದೆಯೇ ಹೇಳಿದರು: "ನವೆಂಬರಲ್ಲಿ ಯಾರನ್ನಾದ್ರೂ ಚಿಕ್ಕವರನ್ನ ಹಗ್ಗಕ್ಕೆ ನಿಲ್ಲಿಸ್ಕೋ ಗಿರಿಜಾ. ನಿನ್ನ ಗಂಟೆ ಇನ್ಮೇಲೆ ನಂಗೆ ಕೇಳ್ಸಲ್ಲ. ಮಶೀನ್ ಹಾಕಿದ್ರೆ ಎಲ್ಲಾ ಸದ್ದೂ ಒಂದೇ."

ಕಾಕು ಮುಂದೆ ಬಾಗಿ ಆಕೆಯ ಬಲಭುಜ ತಟ್ಟಿದರು.

"ಹಗ್ಗಕ್ಕ ಈ ಸುಮಾ ಅದಾಳ. ಗಡಿಯಾರ ನೋಡೂದು ಅಕಿಗೆ ಚಲೋ ಬರ್ತದ. ಗಂಟಿ ನೀ ಬಾರಿಸು."

"ನಾನಾ? ಕೇಳಿಸ್ದೇ ಇರೋಳು?"

"ಬಾರಿಸೋಕಿಗೆ ಕೇಳಸೂದು ಬ್ಯಾಡ ವಿಮಲಾ. ಕೈಗೆ ಗೊತ್ತಾಗ್ತದ. ಮೊಣಕೈ ತನಕಾ ಗುಂಯ್ ಅಂತದ. ಅಪ್ಪಗೂ ಕಡೀಕ ಹಂಗನ ಇತ್ತು."

ಅವರ ತಂದೆಗೆ ಕಿವಿ ಕೇಳಿಸುತ್ತಿರಲಿಲ್ಲವೆಂದು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನಿಜವೋ, ಆ ಗಳಿಗೆಗೆ ಹುಟ್ಟಿದ್ದೋ, ಕೇಳುವ ಮನಸ್ಸಾಗಲಿಲ್ಲ. ನನ್ನನ್ನು ಹಗ್ಗಕ್ಕೆ ನಿಲ್ಲಿಸಿದ್ದನ್ನೂ ಯಾರೂ ನನ್ನ ಬಳಿ ಕೇಳಿರಲಿಲ್ಲ.

"ಎರಡು ನಾಟಕ ಅನೌನ್ಸ್ ಆಗಿದೆಯಲ್ಲಾ," ಎಂದರು ಶ್ರೀನಾಥ್ ಅಂಕಲ್.

"ಒಂದಾದ ಮೇಲೆ ಒಂದು ಆಡಿದ್ರಾಯ್ತು," ಎಂದರು ವಿಮಲಾ ಆಂಟಿ.

"ಹಾಲ್ ಒಂಬತ್ತಕ್ಕೆ ಬಿಡ್ಬೇಕು—"

"ನೀವು ಸುಮ್ನಿರ್ರೀ," ಎಂದರು ಇಬ್ಬರೂ, ಮೈಸೂರೂ ಗದಗೂ ಒಂದೇ ಉಸಿರಿನಲ್ಲಿ. ನಾವು ಇಳಿದ ಮೇಲೆ ವಿಮಲಾ ಆಂಟಿ ಗಾಜು ಇಳಿಸಿ ಕೇಳಿದರು: "ಗಿರಿಜಾ, ಅಲ್ಲಿ ಟೀ ಕುಡಿದ್ಯೋ ಇಲ್ವೋ?"

ಕಾಕು ನನ್ನನ್ನು ನೋಡಿದರು.

ವಾಪಸು ಬಸ್ಸಿನಲ್ಲಿ ಅವರು ಬ್ರಾಂಪ್ಟನ್ ಬರುವ ಮೊದಲೇ ನಿದ್ದೆ ಹೋದರು. ಜಾರ್ಜ್‌ಟೌನಿನಲ್ಲಿ ಬೆಳಕು ಪೂರ್ತಿ ಹೋಗಿತ್ತು. ನಿಲ್ದಾಣದ ಒದ್ದೆ ಎಲೆಗಳನ್ನು ಗಾಳಿ ಒಣಗಿಸಿ ಒಂದು ಮೂಲೆಗೆ ಗುಡ್ಡೆ ಮಾಡಿತ್ತು. ಮನೆಗೆ ಬಂದ ಕೂಡಲೇ ಕಾಕು ಕೋಟನ್ನೂ ಕಳಚದೆ ಊಟದ ಮೇಜಿನ ಹತ್ತಿರ ಹೋಗಿ ಇಳಕಲ್ ತುಂಡನ್ನು ಬಿಚ್ಚಿದರು. ಗಂಟೆಯ ನಾಲಿಗೆಗೆ ಕಟ್ಟಿದ ಗಂಟು ಬಿಗಿಯಾಗಿತ್ತು. ಅವರ ಉಗುರಿಗೆ ಬರಲಿಲ್ಲ, ನಾನು ಬಿಡಿಸಿಕೊಟ್ಟೆ.

ಅವರು ಗಂಟೆ ಎತ್ತಿ ಒಮ್ಮೆ ಬಾರಿಸಿದರು. ಅಡುಗೆಮನೆಯ ಸ್ಟೀಲಿನ ಪಾತ್ರೆಗಳು ಸಣ್ಣಗೆ ಅನುರಣಿಸಿದವು. ಅದು ಪೂರ್ತಿ ಅಡಗುವವರೆಗೆ ಕಾದು ಎರಡನೆಯ ಸಲ ಬಾರಿಸಿದರು. ನಾನು ಮೂರನೆಯದಕ್ಕೆ ಕಾದು ನಿಂತೆ.

ಕಾಕು ನಾಲಿಗೆಯನ್ನು ಬೆರಳಲ್ಲಿ ಹಿಡಿದು, ಗಂಟೆಯನ್ನು ಮೆಲ್ಲಗೆ ಕಪಾಟಿನಲ್ಲಿಟ್ಟರು.

"ಮೂರನೇದು ಅಕೀದು," ಎಂದರು.